ಬಿಲ್ಲೆ ದೊರೆಯ ಹಾಜರಿ

೧೯೦೯ನೇ ಇಸವಿ ನವೆಂಬರ್ ೨, ಮಂಗಳವಾರ. ಬೆಳಗಿನ ಪೂಜೆ ಮುಗಿಸಿ ಬಂದು ಏಳೂವರೆ ಗಂಟೆಗೆ ಬರೆಯಲು ಕುಳಿತೆ.

ಇಂದು ನಾವು ಕ್ರೈಸ್ತರು ತೀರಿಕೊಂಡವರನ್ನು ನೆನೆಯುವ ದಿನ. ಪೇಟೆಯ ಇಗರ್ಜಿಯಲ್ಲಿ ಪೂಜೆಗೆ ಮುಂಚೆ ಪಾದ್ರಿಗಳು ಒಂದೊಂದು ಮನೆಯವರನ್ನೂ ಕರೆದು ಸತ್ತವರ ಹೆಸರು ಕೇಳಿ ಬರೆದುಕೊಳ್ಳುತ್ತಾರೆ. ನಾನು ಅಪ್ಪ, ಅಮ್ಮ ಮತ್ತು ಒಬ್ಬ ತಂಗಿಯ ಹೆಸರು ಹೇಳಿದೆ. ಇನ್ನೊಂದು ಹೆಸರು ಬಾಯಿಯವರೆಗೆ ಬಂದು ನಿಂತಿತು.

"ಹೇಳಿ ಪಾಸ್ಕಲ್, ಇನ್ಯಾರು?" ಎಂದರು ಪಾದ್ರಿಗಳು.

"ಅವರು ಸತ್ತಿದ್ದಾರೋ ಬದುಕಿದ್ದಾರೋ ಗೊತ್ತಿಲ್ಲ ಫಾದರ್."

"ಹಾಗಾದರೆ ಈ ವರ್ಷ ಬೇಡ" ಎಂದು ಅವರು ನನ್ನ ಹಿಂದೆ ನಿಂತಿದ್ದವರ ಕಡೆ ತಿರುಗಿದರು.

ಆ ಹೆಸರು ಕ್ಯಾಪ್ಟನ್ ಹೆಗಾರ್ಟಿ ಅವರದು. ನಾನು ಮೊದಲು ಕೆಲಸಕ್ಕೆ ಸೇರಿದ ಕಾಫಿ ಎಸ್ಟೇಟಿನ ಮ್ಯಾನೇಜರ್. ಹುಟ್ಟಿದ್ದು ಐರ್ಲೆಂಡಿನಲ್ಲಿ. ಅಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಜನ ಹಸಿವಿನಿಂದ ಸಾಯುತ್ತಿದ್ದಾಗ ತಾಯಿಯ ಸೆರಗು ಹಿಡಿದು ಹಡಗು ಹತ್ತಿ ಅಮೆರಿಕಕ್ಕೆ ಹೋದವರು. ಮುಂದೆ ಆ ದೇಶದ ಉತ್ತರದವರೂ ದಕ್ಷಿಣದವರೂ ತಮ್ಮತಮ್ಮಲ್ಲೇ ನಾಲ್ಕು ವರ್ಷ ಯುದ್ಧ ಮಾಡಿದರಲ್ಲ, ಆಗ ಉತ್ತರದ ಸೈನ್ಯದಲ್ಲಿ ಅಧಿಕಾರಿಯಾಗಿದ್ದು ಶೌರ್ಯಕ್ಕಾಗಿ ಪದಕ ಪಡೆದವರು. ಯುದ್ಧ ಮುಗಿದ ಮೇಲೆ ಸಿಂಹಳದಲ್ಲಿ ಕಾಫಿ ಬೆಳೆಯುತ್ತಿದ್ದ ಸೋದರಸಂಬಂಧಿಯ ಬಳಿಗೆ ಹೋದರು. ಎಲೆರೋಗ ಬಂದು ಅಲ್ಲಿನ ಕಾಫಿಯೆಲ್ಲ ಹಾಳಾದಾಗ ನಮ್ಮ ಸಕಲೇಶಪುರದ ಬೆಟ್ಟಗಳಿಗೆ ಬಂದರು.

ನಾನು ಕೆಲಸ ಬಿಟ್ಟು ಇದು ಮೊದಲ ವರ್ಷ. ನಲವತ್ತೊಂದಕ್ಕೇ ನಿವೃತ್ತಿಯೇ ಎಂದು ಕೇಳುವವರಿದ್ದಾರೆ. ನನ್ನ ಕಣ್ಣು ಮಂಜಾಗಿದೆ. ಹತ್ತಿರದ ಅಕ್ಷರ ಕಾಣುತ್ತದೆ, ಅಂಗಳದ ಆಚೆ ನಿಂತವರ ಮುಖ ಕಾಣುವುದಿಲ್ಲ. ಮುಖ ಕಾಣದವನು ಹಾಜರಿ ಹಾಕಬಾರದು ಎಂದು ನಾನೇ ತೀರ್ಮಾನಿಸಿ ಹೊರಬಂದೆ. ಎಸ್ಟೇಟಿನವರಿಗೆ ಈ ಕಾರಣ ಅರ್ಥವಾಗಲಿಲ್ಲ. "ಅಕ್ಷರ ಕಾಣುತ್ತದಲ್ಲ, ಸಾಕಲ್ಲ" ಎಂದರು. ಸಾಕಾಗುವುದಿಲ್ಲ ಎಂಬುದನ್ನು ನನಗೆ ಕಲಿಸಿದವರು ಕ್ಯಾಪ್ಟನ್. ಈಗ ಮಂಗಳೂರಿನ ಶಾಲೆಗಳಲ್ಲಿ ಓದಿದ ಹುಡುಗರು ಘಾಟಿ ಹತ್ತಿ ಬಂದು ಎಸ್ಟೇಟುಗಳಲ್ಲಿ ನನ್ನಂತೆ ಹಾಜರಿ, ಲೆಕ್ಕ ಬರೆಯುವ ರೈಟರಾಗಿ ಸೇರುತ್ತಿದ್ದಾರೆ. ಯಾವಾಗ ನನ್ನ ಸಂಬಳ ಏರಿತು ಎಂಬುದರಿಂದ ಅವರಿಗೆ ಪ್ರಯೋಜನವಿಲ್ಲ. ಕ್ಯಾಪ್ಟನ್ನರ ಈ ಕತೆಯಿಂದ ಇರಬಹುದು.

ನಾನು ಬಂದದ್ದು ೧೮೮೬ರಲ್ಲಿ. ಆಗ ಕಾಫಿ ಹೇರಿಕೊಂಡು ಮಂಗಳೂರಿಗೆ ಇಳಿದ ಗಾಡಿಗಳು ಉಪ್ಪು ತುಂಬಿಕೊಂಡು ಹತ್ತುತ್ತಿದ್ದವು. ಅಂಥದ್ದೊಂದು ಗಾಡಿಯಲ್ಲಿ ಉಪ್ಪಿನ ಮೂಟೆಗಳ ಮೇಲೆ ಕುಳಿತು ಬಂದೆ. ಹೊಂಗಡಹಳ್ಳದ ದಾರಿಯಲ್ಲಿ ಇಳಿದು ಎಸ್ಟೇಟಿಗೆ ನಡೆದಾಗ ಪಲ್ಪಿಂಗ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಕೆಲಸ ನಡೆದಿತ್ತು. ಹಣ್ಣಿನ ಸಿಪ್ಪೆ ಕೊಳೆತ ವಾಸನೆ ಅರ್ಧ ಮೈಲಿಯಿಂದಲೇ ಮೂಗಿಗೆ ಹೊಡೆಯಿತು. ಮೊಣಕಾಲುದ್ದ ಕೆಸರಿನಲ್ಲಿ ಕೆಂಪು ಗಡ್ಡದ ಒಬ್ಬರು ನಿಂತು ಪಲ್ಪರಿನ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಫಿಟ್ಟರ್ ಇರಬೇಕೆಂದುಕೊಂಡು "ದೊರೆಗಳು ಎಲ್ಲಿದ್ದಾರೆ?" ಎಂದು ಕೇಳಿದೆ. "ಇಲ್ಲಿ" ಎಂದು ಅವರು ಕೈ ಒರೆಸಿಕೊಂಡರು.

ಪಾದ್ರಿಗಳು ಕೊಟ್ಟ ಶಿಫಾರಸು ಕಾಗದವನ್ನು ಓದದೆ ಜೇಬಿಗೆ ಹಾಕಿಕೊಂಡು ಇಂಗ್ಲಿಷಿನಲ್ಲಿ ಕೇಳಿದರು: "ಜನರ ಮುಖ ನೆನಪಿರುತ್ತದೆಯೇ?"

"ಲೆಕ್ಕ ಚೆನ್ನಾಗಿ ಬರುತ್ತದೆ ಸರ್" ಎಂದೆ.

"ಲೆಕ್ಕ ಕಲಿಸಬಹುದು. ನಾನು ಕೇಳಿದ್ದು ಮುಖ."

ನೆನಪಿರುತ್ತದೆ ಎಂದೆ. ಕೆಲಸ ಸಿಕ್ಕಿತು. ಆ ಪ್ರಶ್ನೆ ಏಕೆ ಎಂದು ತಿಳಿಯಲು ಮೂರು ವರ್ಷ ಬೇಕಾಯಿತು.

ರೈಟರನ ದಿನ ಹಾಜರಿಯಿಂದ ಆರಂಭವಾಗುತ್ತದೆ. ಬೆಳಕು ಹರಿಯುವಾಗ ಕೊಂಬು ಊದುತ್ತಾರೆ. ಲೈನುಗಳಲ್ಲಿ, ಅಂದರೆ ಸಾಲುಮನೆಗಳಲ್ಲಿ ಇರುವ ಆಳುಗಳೆಲ್ಲ ಸ್ಟೋರಿನ ಮುಂದೆ ಸೇರುತ್ತಾರೆ. ರೈಟರ್ ಹೆಸರು ಕೂಗುತ್ತಾನೆ, ಅವರು "ಬುದ್ದೀ" ಎಂದು ಓಗೊಡುತ್ತಾರೆ, ಅವನು ಗುರುತು ಹಾಕುತ್ತಾನೆ. ಕೇಳಲು ಸುಲಭ. ಮೊದಲ ವಾರವೇ ನಾನು ಎಡವಿದೆ. ನಮ್ಮಲ್ಲಿ ನಾಲ್ವರು ನಿಂಗಿಯರಿದ್ದರು. ಶಾಲೆಯಲ್ಲಿ ಕಲಿತ ಕ್ರಮದಂತೆ ಒಂದನೇ ನಿಂಗಿ, ಎರಡನೇ ನಿಂಗಿ ಎಂದು ಕೂಗಿದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಗಲಾಟೆ ಎದ್ದಿತು.

"ಅದ್ಯಾಕ್ರೀ ರೈಟ್ರೇ, ನಾನು ಮೂರ್ನೆಯವ್ಳು? ಅವ್ಳಿಗಿಂತ ಮೊದ್ಲು ಬಂದಿಲ್ವಾ ನಾನು ಈ ತ್ವಾಟುಕ್ಕೆ?"

"ನಾಲ್ಕ್ನೇಳು ಅಂದ್ರೆ ಏನು, ನಂಗೆ ಉಳಿದಿದ್ದು ಬಳಿದಿದ್ದು ಕೊಡ್ತೀರಾ?"

ಮೇಸ್ತ್ರಿ ತಿಮ್ಮೇಗೌಡ ಬಾಯಿಗೆ ವಸ್ತ್ರ ಅಡ್ಡ ಹಿಡಿದು ನಗುತ್ತಿದ್ದ. ಅವನು ಆಲೂರಿನ ಕಡೆಯವನು. ಆಳುಗಳನ್ನು ತನ್ನ ಸೀಮೆಯ ಹಳ್ಳಿಗಳಿಂದ ಕರೆತರುವವನೂ, ಜಗಳ ಬಿಡಿಸುವವನೂ, ಮದುವೆ ಕುದುರಿಸುವವನೂ ಅವನೇ. "ನಂಬರ್ ಹಾಕ್ಬೇಡಿ ರೈಟ್ರೇ, ಇವು ದನ ಅಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿ ಉಪಾಯ ತೋರಿಸಿದ. ಅಂದಿನಿಂದ ಕುಳ್ಳಿ ನಿಂಗಿ, ಹಾಡೋ ನಿಂಗಿ, ಗಂಡಸಿ ಊರ್ ಕಡೆ ನಿಂಗಿ, ಕೆಂಪಿ ಅತ್ಗೆ ನಿಂಗಿ ಎಂದು ಕೂಗಿದೆ. ಈ ಕೊನೆಯ ನಿಂಗಿಯನ್ನೂ ಅವಳ ನಾದಿನಿ ಕೆಂಪಿಯನ್ನೂ ಓದುವವರು ನೆನಪಿಟ್ಟುಕೊಳ್ಳಬೇಕು. ಕೆಂಪಿಗೆ ಆಗ ಹದಿನೈದು ಹದಿನಾರು ಇರಬಹುದು. ಅವಳ ಅಣ್ಣನನ್ನು ಮದುವೆಯಾದವಳು ನಿಂಗಿ. ಕೆಂಪಿಯ ತಾಯಿ ಗುಡ್ಡದಾಚೆಯ ಹೊಂಗಡಹಳ್ಳದಲ್ಲಿ ಕಿರಿಮಗನ ಜೊತೆ ಇದ್ದಳು. ಕೆಂಪಿ ಮಾತ್ರ ಎಸ್ಟೇಟಿನ ಲೈನಿನಲ್ಲಿ ನಿಂಗಿಯ ಮನೆಯಲ್ಲಿದ್ದು ಕೆಲಸಕ್ಕೆ ಬರುತ್ತಿದ್ದಳು.

ಕ್ಯಾಪ್ಟನ್ನರಿಗೆ ಬಿಲ್ಲೆ ದೊರೆ ಎಂಬ ಹೆಸರು ಬಂದದ್ದನ್ನೂ ಹೇಳಿಬಿಡುತ್ತೇನೆ. ಮಳೆಗಾಲ ಕಳೆದು ಬಿಸಿಲು ಬಿದ್ದ ಮೇಲೆ ಬೂಷ್ಟು ಹಿಡಿದ ಬಟ್ಟೆ, ಬೂಟುಗಳನ್ನೆಲ್ಲ ಕಾಫಿ ಒಣಗಿಸುವ ಕಣದಲ್ಲಿ ಹರಡುವುದು ರೂಢಿ. ಒಂದು ವರ್ಷ ಅಡುಗೆಯವನು ದೊರೆಗಳ ಪೆಟ್ಟಿಗೆಯನ್ನು ತಳದವರೆಗೂ ಬಿಚ್ಚಿ ಹರಡಿದ. ಅದರಲ್ಲಿ ಒಂದು ನೀಲಿ ಕೋಟು, ಅದರ ಎದೆಯ ಮೇಲೆ ಪದಕ. ಐದು ಮೊನೆಯ ಕಂಚಿನ ನಕ್ಷತ್ರ, ಅದರ ಮೇಲೆ ರೆಕ್ಕೆ ಬಿಚ್ಚಿದ ಹದ್ದು, ಪಟ್ಟೆಪಟ್ಟೆಯ ರಿಬ್ಬನ್ನು. ಮಧ್ಯಾಹ್ನದ ಹೊತ್ತಿಗೆ ಕಣದ ಸುತ್ತ ಜಾತ್ರೆಯಷ್ಟು ಜನ.

"ಬಿಲ್ಲೆ ಕಣ್ರೋ. ದೊರೆ ಮೊದ್ಲು ಜವಾನ ಆಗಿದ್ರು ಅಂತ ಕಾಣ್ತದೆ" ಎಂದ ಒಬ್ಬ. ಬಿಲ್ಲೆ ಎಂದರೆ ತಾಲೂಕು ಕಚೇರಿಯ ಜವಾನರು ಎದೆಗೆ ಹಾಕುವುದು. ಅವನು ಕಂಡಿದ್ದು ಅದೊಂದನ್ನೇ.

"ಜವಾನ್ರ ಬಿಲ್ಲೆ ಮ್ಯಾಲೆ ಗರುಡ ಇರ್ತದಾ? ಇದು ಗರುಡ. ಇವ್ರು ತಿರುಪತಿ ಒಕ್ಲು" ಎಂದು ಹಾಡೋ ನಿಂಗಿ ಕೈಮುಗಿದಳು.

ಕ್ಯಾಪ್ಟನ್ ಇದನ್ನು ಕೇಳಿ ಬಹಳ ನಕ್ಕರು. ಅವರು ಕನ್ನಡ ಕಲಿತದ್ದು ಮೇಸ್ತ್ರಿಯ ಬಾಯಿಂದ. ಹೀಗಾಗಿ ಅಮಲ್ದಾರರು ಬಂದರೂ "ಬಾ ಮಾರಾಯ, ಕೂತ್ಕೋ" ಎಂದುಬಿಡುತ್ತಿದ್ದರು. ಒಮ್ಮೆ ಕಚೇರಿಯ ಜವಾನನೊಬ್ಬ ಸಲುಗೆಯಿಂದ "ದೊರೆಗಳ ಬಿಲ್ಲೆಗೆ ಸಂಬ್ಳ ಎಷ್ಟು?" ಎಂದು ಕೇಳಿದ. "ಸಂಬ್ಳ ಇಲ್ಲ ಮಾರಾಯ" ಎಂದರು. "ಹಂಗಾದ್ರೆ ನಮ್ದೇ ವಾಸಿ" ಎಂದ ಅವನು. "ಹೌದು ಕಣೋ, ನಿಂದೇ ವಾಸಿ" ಎಂದು ಕ್ಯಾಪ್ಟನ್ ಅವನಿಗೆ ಒಂದು ಚುಟ್ಟ ಕೊಟ್ಟರು. ಆಗ ಅವರು ನಗುತ್ತಿರಲಿಲ್ಲ.

ಆ ಪದಕ ಯಾವುದಕ್ಕೆ ಎಂದು ನಾನೂ ಕೇಳಿದ್ದೆ. "ಕಾಡಿನಿಂದ ನಾಲ್ವರನ್ನು ಹೊತ್ತು ತಂದದ್ದಕ್ಕೆ" ಎಂದು ಇಷ್ಟೇ ಹೇಳಿ ನರ್ಸರಿಯ ಕಡೆ ಹೋದರು. 'ಚಿಕ್ಕ' ಎಂಬ ಹಳೆಯ ಕಾಫಿ ತಳಿಯ ಗಿಡಗಳನ್ನು ಕಾಂಡಕೊರಕ ಹುಳು ತಿಂದು ಮುಗಿಸಿದ್ದ ಕಾಲ ಅದು. ಕೊಡಗಿನ ಬೀಜ ತರಿಸಿ ಸಸಿ ಮಾಡುತ್ತಿದ್ದೆವು. ನೆರಳಿಲ್ಲದೆ ಕಾಫಿ ಬೆಳೆಯಬಹುದು ಎಂಬ ಹುಚ್ಚು ಬಿಟ್ಟು ಎಲ್ಲರೂ ಮತ್ತೆ ನೆರಳಿನ ಮರ ನೆಡತೊಡಗಿದ್ದರು. ಈಗಿನ ಹುಡುಗರು ಇದನ್ನೆಲ್ಲ ಮೊದಲಿನಿಂದಲೂ ಹೀಗೇ ಇತ್ತು ಎಂದುಕೊಂಡಿದ್ದಾರೆ. ಇರಲಿಲ್ಲ.

ಇನ್ನು ಓಗೊಡುವ ವಿಷಯ. ಎಸ್ಟೇಟುಗಳಲ್ಲಿ ಒಬ್ಬರ ಹೆಸರಿಗೆ ಇನ್ನೊಬ್ಬರು ಓಗೊಡುವ ಪದ್ಧತಿ ನಾನು ಹುಟ್ಟುವುದಕ್ಕೂ ಮೊದಲಿನದು. ಕೂಸಿಗೆ ಹಾಲು ಕುಡಿಸುತ್ತಿರುವವಳ ಪರವಾಗಿ ಪಕ್ಕದ ಮನೆಯವಳು, ಜ್ವರ ಬಂದ ಅಣ್ಣನ ಪರವಾಗಿ ತಮ್ಮ "ಬುದ್ದೀ" ಎನ್ನುತ್ತಾರೆ. ತಡವಾಗಿ ಬಂದವರು ಸದ್ದಿಲ್ಲದೆ ಕಳೆ ತೆಗೆಯುವವರ ನಡುವೆ ಸೇರಿಕೊಳ್ಳುತ್ತಾರೆ. ಅವರಿಗೆ ಅದು ಸುಳ್ಳಲ್ಲ, ಉಪಕಾರ. ಇಂದು ನಾನು ನಿನಗೆ, ನಾಳೆ ನೀನು ನನಗೆ. ಮೇಸ್ತ್ರಿಗೂ ಗೊತ್ತು, ರೈಟರಿಗೂ ಗೊತ್ತು. ಯಾರಿಗೂ ನಷ್ಟವಿಲ್ಲ ಎಂದು ಸುಮ್ಮನಿರುತ್ತಾರೆ. ಕ್ಯಾಪ್ಟನ್ ಮಾತ್ರ ಹಾಜರಿಯ ಹೊತ್ತಿನಲ್ಲಿ ಸ್ಟೋರಿನ ಮೆಟ್ಟಿಲ ಮೇಲೆ ಬಂದು ನಿಲ್ಲುತ್ತಿದ್ದರು. "ತಲೆ ಎತ್ತಿ ಕರೆ ಪಾಸ್ಕಲ್. ಕಾಗದಕ್ಕೆ ಯಾರೂ ಓಗೊಡುವುದಿಲ್ಲ" ಎನ್ನುತ್ತಿದ್ದರು. ಹೇಳಿದ ದಿನ ತಲೆ ಎತ್ತುತ್ತಿದ್ದೆ.

ಅವರದು ಇನ್ನೊಂದು ಕಟ್ಟಳೆ ಇತ್ತು. ಎಸ್ಟೇಟಿನಲ್ಲಿ ಬೇಸಗೆಯಲ್ಲಿ ಯಾರೂ ಬಯಲಿನಲ್ಲಿ ಬೆಂಕಿ ಹಚ್ಚಬಾರದು. ನಮ್ಮ ತೋಟದ ಪಡುವಣಕ್ಕೆ ದೊಡ್ಡ ಹುಲ್ಲುಗುಡ್ಡ. ಮಾಘ ಮಾಸ ಬಂತೆಂದರೆ ಹುಲ್ಲು ಕಡ್ಡಿಯಾಗಿರುತ್ತದೆ. ದನಗಳಿಗೆ ಹೊಸ ಚಿಗುರು ಬರಲೆಂದು ಯಾರೋ ಎಲ್ಲೋ ಬೆಂಕಿ ಇಟ್ಟರೆ ಗಾಳಿ ಅದನ್ನು ಎಲ್ಲಿಗೆ ಬೇಕಾದರೂ ತರುತ್ತದೆ. ಅದಕ್ಕೇ ಎಲ್ಲ ತೋಟದವರೂ ಇಬ್ಬನಿ ಇರುವ ಬೆಳಗಿನಲ್ಲಿ ಅಂಚಿನ ಹುಲ್ಲನ್ನು ತಾವೇ ಅಗಲವಾಗಿ ಸುಟ್ಟುಬಿಡುತ್ತಾರೆ. ಆಮೇಲೆ ಗುಡ್ಡದ ಬೆಂಕಿ ಅಲ್ಲಿಗೆ ಬಂದು ತಿನ್ನಲು ಏನೂ ಸಿಗದೆ ಸಾಯುತ್ತದೆ. ಕ್ಯಾಪ್ಟನ್ ಇದಕ್ಕೆ ಒಪ್ಪಲಿಲ್ಲ. ಗುದ್ದಲಿಯಿಂದ ಹುಲ್ಲು ಕೆತ್ತಿಸಿ ಬರಿಮಣ್ಣಿನ ಪಟ್ಟಿ ಮಾಡಿಸಿದರು.

"ಒಂದ್ ಬೆಳಿಗ್ಗೆ ಸುಟ್ರೆ ಮುಗೀತದೆ, ಇದು ತಿಂಗ್ಳ ಕೆಲ್ಸ" ಎಂದು ಮೇಸ್ತ್ರಿ ಗೊಣಗಿದ. "ರೈಟ್ರೇ, ಇಷ್ಟು ದೊಡ್ಡ ಬಿಲ್ಲೆ ತಗಂಡವ್ರಿಗೆ ಹುಲ್ಲು ಸುಡಾಕೆ ಹೆದ್ರಿಕೆಯಾ?"

ನನಗೂ ಹಾಗೆಯೇ ಅನ್ನಿಸಿತ್ತು. ದೂರದ ಬೆಟ್ಟದಲ್ಲಿ ಹುಲ್ಲು ಸುಟ್ಟ ಹೊಗೆ ಬಂದರೂ ಅವರು ಊಟದ ತಟ್ಟೆ ಬಿಟ್ಟು ಏಳುವುದನ್ನು ನೋಡಿದ್ದೆ.

೧೮೮೯ರ ಫೆಬ್ರುವರಿ. ಮಧ್ಯಾಹ್ನದ ಊಟ ಮುಗಿದ ಹೊತ್ತು. ಬಿಸ್ಲೆ ಘಾಟಿಯ ಕಡೆಯಿಂದ ಗಾಳಿ ತಿರುಗಿತು. ಹುಲ್ಲುಗುಡ್ಡದ ನೆತ್ತಿಯ ಹಿಂದೆ ಹೊಗೆ ಎದ್ದಿತು. ನಾವು ನೋಡುತ್ತಿದ್ದಂತೆಯೇ ನೆತ್ತಿಯ ಉದ್ದಕ್ಕೂ ಬೆಂಕಿಯ ಗೆರೆ ಮೂಡಿ ನಮ್ಮ ಕಡೆ ಇಳಿಯತೊಡಗಿತು. ಮಣ್ಣಿನ ಪಟ್ಟಿಯ ಬಳಿ ಮೇಸ್ತ್ರಿ ಮತ್ತು ನಾನು ಓಡಿದೆವು. ಉರಿಯುವ ಹುಲ್ಲಿನ ಎಸಳುಗಳು ಗಾಳಿಯಲ್ಲಿ ತೇಲಿ ಬರುತ್ತಿದ್ದವು. ಪಟ್ಟಿ ಅವುಗಳನ್ನು ತಡೆಯುವಂತಿರಲಿಲ್ಲ. ಈಚೆಗೆ ಮೇಲಿನ ತಾಕು, ಅಂದರೆ ಕಾಫಿ ತೋಟದ ಮೇಲ್ಭಾಗ, ಅದಕ್ಕೆ ಅಂಟಿಕೊಂಡಂತೆ ಹುಲ್ಲು ಹೊದಿಸಿದ ಲೈನುಗಳು.

ಮೇಸ್ತ್ರಿ ಆಗಲೇ ಪಂಜು ಕಟ್ಟಿ ಹೊತ್ತಿಸಿದ್ದ. "ಎದುರು ಬೆಂಕಿ ಕೊಡದೆ ಇದು ನಿಲ್ಲಾಕಿಲ್ಲ ಬುದ್ದಿ. ಈ ಕಡೆಯಿಂದ ನಾವು ಹಚ್ಚಿದ್ರೆ ಅದು ಮ್ಯಾಲಕ್ಕೆ ಹೋಗಿ ಆ ಬೆಂಕಿನ ನುಂಗ್ತದೆ. ಅಪ್ಪಣೆ ಕೊಡಿ."

ಓಡಿ ಬಂದ ಕ್ಯಾಪ್ಟನ್ನರ ಮುಖ ಬಿಳಿಚಿತ್ತು. ಗುಡ್ಡವನ್ನೂ ಗಾಳಿಯನ್ನೂ ನೋಡಿದರು. "ಸರಿ. ಬೇರೆ ದಾರಿ ಇಲ್ಲ. ಮೊದಲು ಹಾಜರಿ" ಎಂದರು.

ಎರಡು ಬೆಂಕಿಗಳ ನಡುವೆ ಸಿಕ್ಕಿದ ಜೀವ ಉಳಿಯುವುದಿಲ್ಲ ಎಂಬುದು ನಮ್ಮೆಲ್ಲರಿಗೂ ಗೊತ್ತಿತ್ತು. ಕೊಂಬು ಊದಿಸಿದೆವು. ಆಳುಗಳೆಲ್ಲ ಬಂದು ಸೇರಿದರು. ನಾನು ಹೆಸರು ಕೂಗಿದೆ. ಒಂದೊಂದಕ್ಕೂ "ಬುದ್ದೀ" ಎಂಬ ಉತ್ತರ ಬಂತು. ಕೆಂಪಿ ಎಂದಾಗಲೂ ಬಂತು. ಹೊಗೆಯಲ್ಲಿ ಕಣ್ಣುರಿಯುತ್ತಿತ್ತು. ಕೊನೆಯ ಗುರುತು ಹಾಕಿ "ಎಲ್ಲರೂ ಇದ್ದಾರೆ ಸರ್" ಎಂದೆ.

"ಇದ್ದಾರೋ, ಇದ್ದೀವಿ ಅಂತ ಯಾರೋ ಹೇಳಿದರೋ?"

ನಾನು ಪುಸ್ತಕದಿಂದ ತಲೆ ಎತ್ತಿದೆ. ಅವರು ಮೇಸ್ತ್ರಿಯನ್ನು ಎದುರಿಗೆ ನಿಲ್ಲಿಸಿಕೊಂಡು, ಇಬ್ಬರ ನಡುವೆ ಒಬ್ಬೊಬ್ಬರೇ ತಂತಮ್ಮ ಹೆಸರು ಹೇಳಿ ದಾಟಿ ಹೋಗಬೇಕೆಂದರು. ದಾಟುವವರ ಭುಜವನ್ನು ಮುಟ್ಟಿ ಕಳುಹಿಸಿದರು. ಮೇಸ್ತ್ರಿ ಕಾಲು ಬದಲಿಸುತ್ತಾ "ಬ್ಯಾಗ ಬ್ಯಾಗ" ಎನ್ನುತ್ತಿದ್ದ. ಕೊನೆಯವನು ದಾಟಿದಾಗ ನನ್ನ ಪಟ್ಟಿಯಲ್ಲಿ ಕೆಂಪಿ ಉಳಿದಿದ್ದಳು.

ಅವಳ ಅತ್ತಿಗೆ ನಿಂಗಿ ಓಡಿ ಬಂದು ಕ್ಯಾಪ್ಟನ್ನರ ಕಾಲಿಗೆ ಬಿದ್ದಳು. "ತಪ್ಪಾಯ್ತು ಬುದ್ದಿ. ಅವ್ಳು ಇಲ್ಲ. ಅವ್ವುಂಗೆ ಜ್ವರ ಅಂತ ನಸುಕ್ನಾಗೇ ಹೊಂಗಡಹಳ್ಳಕ್ಕೆ ಹೋದ್ಲು. ಬೆಳಿಗ್ಗೆ ನಾನೇ ಓಗೊಟ್ಟೆ. ಈಗ್ಲೂ ಅದೇ ಬಾಯಿಗ್ ಬಂದ್ಬುಡ್ತು."

"ಯಾವ ದಾರಿ?"

"ಗುಡ್ಡದ್ ಮ್ಯಾಲಿನ ಕಾಲ್ದಾರಿ ಬುದ್ದಿ."

"ವಾಪಸ್ ಯಾವಾಗ?"

"ಬಿಸ್ಲು ಇಳಿಯೋ ಮುಂಚೆ ಬತ್ತೀನಿ ಅಂದಿದ್ಲು."

ಮೇಸ್ತ್ರಿ ಪಂಜು ಹಿಡಿದ ಕೈಯನ್ನೇ ಜೋಡಿಸಿದ. "ಬುದ್ದಿ, ಅವ್ಳು ಅವ್ವನ ಮನೇಲಿ ಮುದ್ದೆ ಉಣ್ತಾ ಕುಂತಿರ್ತಾಳೆ. ಈ ಹೊಗೆ ನೋಡಿ ಯಾರಾದ್ರೂ ಗುಡ್ಡ ಹತ್ತುತಾರಾ? ಹಚ್ಚಾಣ. ಮನೆಗಳು ಹೋಗ್ತವೆ."

"ಅವಳು ಅಲ್ಲಿ ಕೂತಿರೋದನ್ನ ಕಂಡವರು ಯಾರು?"

ಮೇಸ್ತ್ರಿ ಜೋಡಿಸಿದ ಕೈ ಇಳಿಸಿದ.

ಕ್ಯಾಪ್ಟನ್ ಒಬ್ಬನ ಹೆಗಲ ಮೇಲಿದ್ದ ಕಂಬಳಿಯನ್ನು ಎಳೆದುಕೊಂಡು ಪಟ್ಟಿಯ ಪಕ್ಕದಲ್ಲಿ ಹರಿಯುವ ಹಳ್ಳದ ನೀರಿನಲ್ಲಿ ಅದ್ದಿ ಹೊದ್ದರು. ನಾನೂ ಹಿಂದೆ ಹೊರಟೆ. ನನ್ನ ಎದೆಗೆ ಕೈ ಇಟ್ಟು ತಡೆದರು. "ನಿನ್ನ ಕೈಯಲ್ಲಿ ಹಾಜರಿ ಇದೆ. ನಾನು ಬರುವವರೆಗೆ ಯಾರೂ ಹುಲ್ಲಿಗೆ ಬೆಂಕಿ ಇಡಬಾರದು" ಎಂದು ಕಾಲುದಾರಿ ಹಿಡಿದು ಹೊಗೆಯೊಳಗೆ ಹೋದರು. ಒಳಗಿನಿಂದ ಅವರ ದನಿ ಕೇಳುತ್ತಿತ್ತು. "ಕೆಂಪೀ, ಕೆಂಪೀ" ಎಂದು ಆ ಪರದೇಶದ ನಾಲಿಗೆಯಲ್ಲಿ ಕೂಗುತ್ತಾ ಹೋದರು. ಆಮೇಲೆ ಅದೂ ಕೇಳಲಿಲ್ಲ.

ಮೇಸ್ತ್ರಿಯ ಕೈಯಲ್ಲಿ ಪಂಜು ಉರಿಯುತ್ತಲೇ ಇತ್ತು. ಅವನ ಮನೆ ಲೈನಿನ ಮೊದಲ ಮನೆ. ಅದರಲ್ಲಿ ಮಗಳ ಮದುವೆಗೆಂದು ತಂದಿಟ್ಟ ಬಟ್ಟೆಯೂ ಪಾತ್ರೆಯೂ ಇದ್ದವು. ಅವನು ನನ್ನ ಮುಖ ನೋಡಿದ, ಮನೆಯ ಕಡೆ ನೋಡಿದ. "ಏನ್ ರೈಟ್ರೇ ಇದು" ಎಂದ. ನಾನು ಬೇಡವೆಂದು ತಲೆಯಾಡಿಸಿದೆ. ಅವನು ಪಂಜನ್ನು ಹಳ್ಳಕ್ಕೆ ಎಸೆದ. "ಹಸಿ ಸೊಪ್ಪು ಮುರ್ಕಳ್ರೋ! ಬಡೀರೋ!" ಎಂದು ಕೂಗುತ್ತಾ ಪಟ್ಟಿಯ ಉದ್ದಕ್ಕೂ ಓಡಿದ.

ಬಡಿದೆವು. ಸಾಲಲಿಲ್ಲ. ಕಿಡಿಗಳು ತಲೆಯ ಮೇಲಿನಿಂದ ಹಾರಿ ಮೇಲಿನ ತಾಕಿನ ಒಣ ತರಗಿಗೆ ಬಿದ್ದವು. ಆ ತಾಕು ಹೋಯಿತು. ಲೈನಿನ ಒಂದು ಸಾಲು ಹೋಯಿತು, ಮೇಸ್ತ್ರಿಯ ಮನೆಯೂ ಅದರಲ್ಲಿತ್ತು. ಕೆಳಗಿನ ನೆರಳಿನ ಮರಗಳ ಹಸಿರಿನಲ್ಲಿ ಬೆಂಕಿ ತಾನಾಗಿ ಮಂದವಾಯಿತು. ಒಬ್ಬ ಮನುಷ್ಯನಿಗೂ ಅಪಾಯವಾಗಲಿಲ್ಲ. ಕ್ಯಾಪ್ಟನ್ ಹಳ್ಳದ ಕೊರಕಲಿನಿಂದ ಹೊರಬಂದಾಗ ಗಡ್ಡದ ಒಂದು ಪಕ್ಕ ಸುಟ್ಟಿತ್ತು, ಅಂಗೈಗಳಲ್ಲಿ ಬೊಬ್ಬೆ ಎದ್ದಿತ್ತು. ಜೊತೆಗೆ ಯಾರೂ ಇರಲಿಲ್ಲ. "ಬೆಂಕಿ ಅಡ್ಡ ಬರುವವರೆಗೂ ಹೋದೆ. ಸಿಗಲಿಲ್ಲ" ಎಂದು ಕಲ್ಲಿನ ಮೇಲೆ ಕುಳಿತರು. ನಿಂಗಿ ಅಳುವುದನ್ನೂ ಮರೆತು ಅವರನ್ನೇ ನೋಡುತ್ತಿದ್ದಳು.

ಸಂಜೆ ಬಿಸಿಲು ಇನ್ನೂ ಇತ್ತು. ಗಾಡಿರಸ್ತೆಯಲ್ಲಿ ತಮ್ಮನ ಜೊತೆ ಕೆಂಪಿ ಬಂದಳು. ತಲೆಯ ಮೇಲೆ ಅವ್ವ ಕೊಟ್ಟ ಕುಂಬಳಕಾಯಿ. ಹೊಗೆ ಕಂಡು ಗುಡ್ಡದ ದಾರಿ ಬಿಟ್ಟು ಸುತ್ತಿಕೊಂಡು ಬಂದಿದ್ದಳು.

"ಅಯ್ಯೋ ಬದ್ಕವ್ಳೆ ಮುಂಡೇದು! ಕುಂಬ್ಳಕಾಯಿ ಹೊತ್ಕಂಡ್ ಬತ್ತಾ ಅವ್ಳೆ!" ಎಂದು ಮೇಸ್ತ್ರಿ ಹಣೆ ಬಡಿದುಕೊಂಡ. ಅವನು ಅತ್ತನೋ ನಕ್ಕನೋ ನನಗೆ ತಿಳಿಯಲಿಲ್ಲ. ನಿಂಗಿ ಓಡಿ ಹೋಗಿ ಅವಳ ಕೆನ್ನೆಗೆ ಬಾರಿಸಿ, ಹಾಗೇ ತಬ್ಬಿಕೊಂಡಳು.

ಕ್ಯಾಪ್ಟನ್ ಎದ್ದು ಬಂದರು. "ಹೆಸರು ಹೇಳು" ಎಂದರು.

"ಕೆಂಪಿ" ಎಂದಳು ಅವಳು, ಏನಾಗಿದೆ ಎಂದು ತಿಳಿಯದೆ.

ಅವರು ಬೊಬ್ಬೆ ಎದ್ದ ಕೈಯಿಂದ ಅವಳ ಭುಜ ಮುಟ್ಟಿದರು. ನನ್ನ ಕಡೆ ತಿರುಗಿ "ಈಗ ಗುರುತು ಹಾಕು" ಎಂದರು.

ಮರುದಿನ ಸುಟ್ಟ ತಾಕನ್ನು ನೋಡುತ್ತಾ ನಡೆಯುವಾಗ ಅವರು ಆ ಯುದ್ಧದ ವಿಷಯ ಹೇಳಿದರು. ದಟ್ಟ ಕುರುಚಲು ಕಾಡಿನಲ್ಲಿ ಕಾಳಗ. ಗುಂಡಿನ ಕಿಡಿಗೆ ತರಗು ಹೊತ್ತಿ ಕಾಡೇ ಉರಿಯತೊಡಗಿತು. ಇವರು ತಮ್ಮ ತುಕಡಿಯನ್ನು ಹೊರಗೆ ತಂದು ಹೆಸರು ಕೂಗಿದರು. ಗಾಯವಾಗಿ ಒಳಗೆ ಉಳಿದವರು ನಾಲ್ವರೆಂದು ತಿಳಿಯಿತು. ಇವರು ಒಳಗೆ ಹೋಗಿ ನಾಲ್ವರನ್ನೂ ಒಬ್ಬೊಬ್ಬರನ್ನಾಗಿ ಹೊತ್ತು ತಂದರು. ಪದಕ ಅದಕ್ಕೇ.

"ಐದನೆಯವನೊಬ್ಬನಿದ್ದ" ಎಂದರು. "ಅವನ ಹೆಸರು ಕರೆದಾಗ ಗೆಳೆಯನೊಬ್ಬ ಓಗೊಟ್ಟಿದ್ದ. ಹಿಂದೆ ಬರುತ್ತಿದ್ದಾನೆ, ಓಡಿಹೋದವನೆಂದು ಬರೆಯದಿರಲಿ ಎಂದು. ಒಳ್ಳೆಯ ಹುಡುಗ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ. ನಾನು ತಲೆ ಎತ್ತದೆ ಗುರುತು ಹಾಕಿದೆ. ಐದನೆಯವನು ಸಿಕ್ಕಿದ್ದು ಮಾರನೆಯ ದಿನ."

ಆಮೇಲೆ ಅವರು ಬೆಂದ ಗಿಡವೊಂದರ ಬುಡ ಕೆರೆದು, ಹಸಿರಿದೆ, ಕತ್ತರಿಸಿದರೆ ಚಿಗುರುತ್ತದೆ ಎಂದರು. ಅದು ನಿಜವಾಯಿತು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ಆ ತಾಕಿನ ಅರ್ಧಕ್ಕಿಂತ ಹೆಚ್ಚು ಗಿಡಗಳು ಚಿಗುರಿದವು. ಅವರು ಅದನ್ನು ನೋಡಲಿಲ್ಲ.

ತೋಟದ ಮಾಲೀಕರು ಸಮುದ್ರದಾಚೆ ಇದ್ದರು. ಅವರ ಏಜೆಂಟ್ ಮಂಗಳೂರಿನಿಂದ ಕುದುರೆಯ ಮೇಲೆ ಬಂದು ಎಲ್ಲವನ್ನೂ ನೋಡಿದರು. ಸ್ಟೋರಿನಲ್ಲಿ ಮಾತು ನಡೆಯುವಾಗ ನಾನು ಹಾಜರಿ ಪುಸ್ತಕ ಹಿಡಿದು ಪಕ್ಕದಲ್ಲಿದ್ದೆ.

"ಎದುರು ಬೆಂಕಿ ಹಚ್ಚಿದ್ದರೆ ಇದೆಲ್ಲ ಉಳಿಯುತ್ತಿತ್ತೇ?" ಎಂದು ಏಜೆಂಟ್ ಕೇಳಿದರು.

"ಉಳಿಯುತ್ತಿತ್ತು."

"ಒಬ್ಬ ಕೂಲಿ ಹುಡುಗಿಗಾಗಿ ಹಚ್ಚಲಿಲ್ಲ. ಅವಳು ತಾಯಿಯ ಮನೆಯಲ್ಲಿ ಸುಖವಾಗಿದ್ದಳು."

"ತಾಯಿಯ ಮನೆಯಲ್ಲಿದ್ದಳು. ಅದು ನನಗೆ ಸಂಜೆ ಗೊತ್ತಾಯಿತು. ಮಧ್ಯಾಹ್ನ ಗೊತ್ತಿರಲಿಲ್ಲ."

ಏಜೆಂಟರು ಕೆಟ್ಟವರಲ್ಲ. ಕಿಟಕಿಯಿಂದ ಸುಟ್ಟ ತಾಕನ್ನು ಇನ್ನೊಮ್ಮೆ ನೋಡಿದರು. ಆಮೇಲೆ, ಇನ್ನು ಮುಂದೆ ಬೇಸಗೆಗೆ ಮುಂಚೆ ಅಂಚನ್ನು ಸುಡುವುದಕ್ಕೂ, ಇಂಥ ಸಮಯ ಬಂದರೆ ತಡಮಾಡದೆ ಬೆಂಕಿ ಹಚ್ಚುವುದಕ್ಕೂ ಒಪ್ಪಿಕೊಂಡರೆ ಕೆಲಸದಲ್ಲಿ ಮುಂದುವರಿಯಬಹುದು ಎಂದರು.

"ಅಂಚು ಸುಡಿಸುತ್ತೇನೆ. ಅದರಲ್ಲಿ ನನ್ನ ಭಯವೇ ತಪ್ಪು, ಮೇಸ್ತ್ರಿಯೇ ಸರಿ" ಎಂದರು ಕ್ಯಾಪ್ಟನ್. "ಎರಡನೆಯದಕ್ಕೆ ಒಪ್ಪಲಾರೆ."

ಅಲ್ಲಿಗೆ ಮಾತೂ ಮುಗಿಯಿತು, ಅವರ ಕೆಲಸವೂ ಮುಗಿಯಿತು.

ಅವರು ಹೊರಟ ಬೆಳಿಗ್ಗೆ ಯಾರೂ ಹೇಳದೆಯೇ ಜನ ಸ್ಟೋರಿನ ಮುಂದೆ ಸಾಲು ನಿಂತಿದ್ದರು. ಕ್ಯಾಪ್ಟನ್ ನನ್ನ ಕೈಯಿಂದ ಹಾಜರಿ ಪುಸ್ತಕ ತೆಗೆದುಕೊಂಡು ತಾವೇ ಹೆಸರು ಕೂಗಿದರು. ಕನ್ನಡ ಅಕ್ಷರ ಬಾರದಿದ್ದುದರಿಂದ ಪುಸ್ತಕ ನೋಡಲೇ ಇಲ್ಲ, ಮುಖ ನೋಡಿ ಕೂಗಿದರು. ಒಬ್ಬೊಬ್ಬರೂ ಮುಂದೆ ಬಂದು ನಿಂತರು. ಮೇಸ್ತ್ರಿ "ತಿಮ್ಮೇಗೌಡ, ಬುದ್ದಿ" ಎಂದು ಕೈಮುಗಿದ. ಕೊನೆಗೆ "ಕೆಂಪಿ" ಎಂದರು.

ಉತ್ತರ ಬರಲಿಲ್ಲ. ಇನ್ನೊಮ್ಮೆ ಕೂಗಿದರು. ನಿಂಗಿಯ ಬಾಯಿ ತೆರೆದು ಮುಚ್ಚಿಕೊಂಡಿತು. ಅಷ್ಟು ಜನರಲ್ಲಿ ಒಬ್ಬರೂ ಅವಳ ಪರವಾಗಿ ಓಗೊಡಲಿಲ್ಲ.

ಕ್ಯಾಪ್ಟನ್ ಪುಸ್ತಕವನ್ನು ನನಗೆ ಕೊಟ್ಟರು. "ಇದು ಸರಿಯಾದ ಹಾಜರಿ ಪಾಸ್ಕಲ್" ಎಂದರು. ಗಾಡಿ ಘಾಟಿಯ ಕಡೆ ಹೊರಟಿತು. ಕೆಂಪಿ ಸ್ಟೋರಿನ ಹಿಂದೆಯೇ ಕುಳಿತಿದ್ದಳು. ನನ್ನಿಂದ ದೊರೆಯ ಕೆಲಸ ಹೋಯಿತು, ಯಾವ ಮುಖ ತೋರಿಸಲಿ ಎಂದು ಮೊಣಕಾಲಿನ ನಡುವೆ ತಲೆ ಹುದುಗಿಸಿಕೊಂಡಿದ್ದಳಂತೆ.

ನಾನು ಮುಂದೆ ಬೇರೆ ಎಸ್ಟೇಟುಗಳಲ್ಲಿಯೂ ಕೆಲಸ ಮಾಡಿದೆ. ಹೋದಲ್ಲೆಲ್ಲ ಹಾಜರಿ ಹಾಕುವಾಗ ಪ್ರತಿಯೊಬ್ಬರೂ ಮುಂದೆ ಬಂದು ಹೆಸರು ಹೇಳುವ ಕ್ರಮ ಇಟ್ಟೆ. ಹೊತ್ತು ಹೆಚ್ಚು ಹಿಡಿಯುತ್ತದೆ ಎಂದು ದೊರೆಗಳು ಬೈದದ್ದುಂಟು. ತಡವಾಗಿ ಬಂದವರನ್ನು ಬಿಟ್ಟು ಹಾಕಲೂ ಇಲ್ಲ. ತಡ ಎಂದು ಬರೆದು ಸೇರಿಸಿಕೊಂಡೆ. ಇಷ್ಟು ಮಾಡಿದರೆ ಯಾರಿಗೂ ಇನ್ನೊಬ್ಬರ ಪರವಾಗಿ ಓಗೊಡುವ ಅಗತ್ಯ ಬರುವುದಿಲ್ಲ. ಹೊಸದಾಗಿ ಸೇರುವ ಹುಡುಗರಿಗೆ ನಾನು ಹೇಳುವುದು ಇದೊಂದನ್ನೇ.

ಕೆಂಪಿ ಈಗ ಆನೇಮಹಲಿನಲ್ಲಿ ರಸ್ತೆಯ ಪಕ್ಕ ಗಾಡಿಯವರಿಗೆ ರೊಟ್ಟಿ ಮಾಡಿ ಮಾರುತ್ತಾಳೆ. ಮೊಮ್ಮಗು ಬಂದಿದೆ. ಕಳೆದ ತಿಂಗಳು ಪೇಟೆಗೆ ಬಂದವಳು ನಾನು ಕೆಲಸ ಬಿಟ್ಟ ಸುದ್ದಿ ಕೇಳಿ ಮನೆಗೆ ಬಂದಳು. ಕಾಫಿ ಕುಡಿದು ಲೋಟ ತೊಳೆದಿಟ್ಟಳು. ಹೋಗುವವಳು ಬಾಗಿಲಲ್ಲಿ ನಿಂತಳು.

"ರೈಟ್ರೇ, ಆ ಬಿಲ್ಲೆ ದೊರೆಗೆ ಒಂದ್ ಕಾಗ್ದ ಹಾಕ್ಬುಡಿ."

"ಎಲ್ಲಿಗೆ ಅಂತ ಹಾಕಲಿ ಕೆಂಪಮ್ಮ? ಅವರು ಎಲ್ಲಿದ್ದಾರೋ."

"ದೊರೆಗಳಿಗೆ ದೊರೆಗಳು ಗೊತ್ತಿರ್ತದೆ. ಯಾರಿಗಾದ್ರೂ ಹಾಕಿ."

"ಏನಂತ ಬರೀಲಿ?"

"ಇನ್ನೇನಂತ? ಅವತ್ತು ಕೂಗಿದ್ರಲ್ಲ. ಕೆಂಪಿ ಅವ್ಳೆ ಅಂತ."

ನಾನು ಅವಳನ್ನು ಮತ್ತೆ ಒಳಗೆ ಕರೆದು, ಮಣೆ ಹತ್ತಿರ ಎಳೆದು ಕೂರಿಸಿ ಅವಳ ಮುಖವನ್ನು ಸರಿಯಾಗಿ ನೋಡಿದೆ.

ಕ್ಯಾಪ್ಟನ್ ಹೆಗಾರ್ಟಿ ಅವರು ಆ ವರ್ಷ ಘಾಟಿ ಇಳಿದು ಯಾವ ಹಡಗು ಹತ್ತಿದರು, ಸಿಂಹಳಕ್ಕೋ ಅಮೆರಿಕಕ್ಕೋ ಹುಟ್ಟಿದೂರಿಗೋ ಎಲ್ಲಿಗೆ ಹೋದರು ಎಂಬುದನ್ನು ಬಲ್ಲವರು ಯಾರಾದರೂ ಇದ್ದರೆ ನನಗೆ ಬರೆಯಬೇಕು. ಇದ್ದಾರಂತೆ, ಹೋದರಂತೆ ಎಂಬುದು ಬೇಡ. ಕಣ್ಣಾರೆ ಕಂಡವರು ಬರೆಯಿರಿ. ಅಲ್ಲಿಯವರೆಗೆ ಪಾದ್ರಿಗಳ ಪಟ್ಟಿಗೆ ಅವರ ಹೆಸರನ್ನು ನಾನು ಕೊಡುವುದಿಲ್ಲ. ಅವರು ನಿಮಗೆ ಸಿಕ್ಕಿದರೆ ಇಷ್ಟು ತಿಳಿಸಿ: ಕೆಂಪಿ ಹಾಜರಿದ್ದಾಳೆ. ಬೇರೆ ಯಾರೂ ಓಗೊಟ್ಟದ್ದಲ್ಲ, ಅವಳೇ ಬಂದು ಹೇಳಿದಳು. ನಾನು ಮುಖ ನೋಡಿ ಗುರುತು ಹಾಕಿದ್ದೇನೆ.